ಜೊತೆಗೆ ಯಾರು?

ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಹುಡುಗರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಶಿವಮೊಗ್ಗ, ಭದ್ರಾವತಿಯ ಮಕ್ಕಳಿಗೆ ಹಿಂದೆ ಈ ತಿರುಗಾಟ ಜೋಗ, ಆಗುಂಬೆಗೆ ಮುಗಿಯುತ್ತಿತ್ತು. ಧೈರ್ಯಸ್ಥರು ಗೋವಾ ನೋಡಿ ಬರುತ್ತಿದ್ದರು. ಈಗ ಮಾತು ನೇಪಾಳ, ಶ್ರೀಲಂಕಾ, ವಿಯೆಟ್ನಾಂ ಕಡೆ ಹೊರಳಿದೆ. ಓದು ಮುಗಿಸಿ ಒಂದೆರಡು ವರ್ಷ ದುಡಿದವರಾದರೆ ಯುರೋಪಿನ ನಕ್ಷೆಯನ್ನೇ ಬಿಡಿಸಿ ಕೂರುತ್ತಾರೆ. ಟೂರ್ ಕಂಪನಿಯ ಬಸ್ಸಿಲ್ಲ, ಗೈಡ್ ಇಲ್ಲ. ಬೆನ್ನಿಗೊಂದು ಚೀಲ, ಹಾಸ್ಟೆಲಿನಲ್ಲೊಂದು ಮಂಚ, ಜೊತೆಗೊಬ್ಬ ಗೆಳೆಯ. ಇದಕ್ಕೆ ಬ್ಯಾಕ್‌ಪ್ಯಾಕಿಂಗ್ ಎಂದು ಹೆಸರು.

ಇಂಥ ಪ್ರಸ್ತಾಪ ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಖರ್ಚಿನದ್ದಲ್ಲ, ಅದು ಎರಡನೆಯದು. ಮೊದಲನೆಯದು, 'ಜೊತೆಗೆ ಯಾರಿದ್ದಾರೆ?' ಹೆಣ್ಣುಮಕ್ಕಳ ವಿಷಯದಲ್ಲಂತೂ ಇದಕ್ಕೆ ಉತ್ತರ ಸಿಗುವವರೆಗೆ ಮಾತು ಮುಂದಕ್ಕೇ ಹೋಗದು. ಮಕ್ಕಳಿಗೂ ಇದು ಗೊತ್ತು. ಆದ್ದರಿಂದ ಅವರು ಒಂದು ಹೆಸರನ್ನು ಸಿದ್ಧಮಾಡಿಕೊಂಡೇ ಬರುತ್ತಾರೆ. 'ಅವಳ ಮನೆಯಲ್ಲಿ ಆಗಲೇ ಒಪ್ಪಿದ್ದಾರಮ್ಮ' ಎಂದು ಒಬ್ಬಳು ಇಲ್ಲಿ ಹೇಳುತ್ತಿರುವಾಗ, ಆ ಇನ್ನೊಬ್ಬಳು ತನ್ನ ಮನೆಯಲ್ಲಿ ಅದನ್ನೇ ಹೇಳುತ್ತಿರುತ್ತಾಳೆ! ಹೀಗೆ ಗೆಳತಿ ಎಂಬುವಳು ಅಪ್ಪ-ಅಮ್ಮನ ಅನುಮತಿ ಪತ್ರದ ಮೇಲೆ ಒತ್ತುವ ಸೀಲಾಗುತ್ತಾಳೆ. ಇವಳ ಜೊತೆ ಇಪ್ಪತ್ತು ದಿನ, ದಿನದ ಇಪ್ಪತ್ನಾಲ್ಕು ಗಂಟೆ, ಗುರುತು ಪರಿಚಯವಿಲ್ಲದ ಊರಿನಲ್ಲಿ, ಒಂದೇ ಕೋಣೆಯಲ್ಲಿ ಇರಲು ಆಗುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ವಿದೇಶದ ತಿರುಗಾಟದ ಸುಖ ದುಃಖಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿರ್ಧಾರವಾಗುವುದು ಇದೊಂದರಿಂದಲೇ.

ಪಕ್ಕದ ಬೆಂಚಿನಲ್ಲಿ ಕುಳಿತು ಮೂರು ವರ್ಷ ಓದಿದ ಮಾತ್ರಕ್ಕೆ ಒಬ್ಬರ ಸ್ವಭಾವ ಇನ್ನೊಬ್ಬರಿಗೆ ಪೂರ್ತಿ ತಿಳಿದಿರುತ್ತದೆ ಎನ್ನುವಂತಿಲ್ಲ. ಕಾಲೇಜಿನ ಗೆಳೆತನದಲ್ಲಿ ಸಂಜೆ ಐದಕ್ಕೆ ಅವರವರ ಮನೆಗೆ ಹೋಗುವ ಸೌಲಭ್ಯವಿದೆ. ಪ್ರವಾಸದಲ್ಲಿ ಅದಿಲ್ಲ.

ಕಾಫಿ ಹೋಟೆಲಿನಲ್ಲಿ ಹುಟ್ಟಿದ ಯಾತ್ರೆ

ಇಬ್ಬರು ಗೆಳೆಯರು ಬೆನ್ನಿಗೆ ಚೀಲ ಹಾಕಿ ಹೊರಟ ಕತೆಗಳಲ್ಲಿ ತೀರ ಅಪರೂಪದ ಒಂದು ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. 1961ರಲ್ಲಿ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ತರುಣರು ಕಾಫಿ ಕುಡಿಯುತ್ತ ಪತ್ರಿಕೆ ನೋಡುತ್ತಿದ್ದರು. ಅಣುಬಾಂಬಿನ ವಿರುದ್ಧ ಪ್ರತಿಭಟಿಸಿದ್ದಕ್ಕಾಗಿ 89 ವರ್ಷದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ರನ್ನು ಲಂಡನ್ನಿನಲ್ಲಿ ಜೈಲಿಗೆ ಹಾಕಿದ ಸುದ್ದಿ ಅದರಲ್ಲಿತ್ತು. ಆ ಮುದುಕರು ಜೈಲಿಗೆ ಹೋಗಿರುವಾಗ ನಾವು ಇಲ್ಲಿ ಕಾಫಿ ಕುಡಿಯುತ್ತ ಕೂತಿದ್ದೇವಲ್ಲ ಎಂಬ ನಾಚಿಕೆಯಿಂದ ಅವರ ಯೋಜನೆ ಹುಟ್ಟಿತು. ಆಗ ಅಣುಬಾಂಬು ಇದ್ದದ್ದು ನಾಲ್ಕೇ ದೇಶಗಳಲ್ಲಿ. ಆ ನಾಲ್ಕರ ರಾಜಧಾನಿಗಳಾದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್‌ಟನ್‌ಗಳಿಗೆ ನಡೆದೇ ಹೋಗುವುದೆಂದು ತೀರ್ಮಾನಿಸಿದರು.

ಇಬ್ಬರ ಹಿನ್ನೆಲೆಯೂ ಬೇರೆ ಬೇರೆ. ಸತೀಶ್ ಕುಮಾರ್ ರಾಜಸ್ಥಾನದವರು, ಒಂಬತ್ತನೆಯ ವಯಸ್ಸಿಗೆ ಜೈನ ಮುನಿಯಾಗಿ ಹದಿನೆಂಟರಲ್ಲಿ ಅದನ್ನು ಬಿಟ್ಟು ವಿನೋಬಾ ಭಾವೆಯವರ ಭೂದಾನ ಚಳವಳಿಗೆ ಸೇರಿದವರು. ಬರಿಗಾಲಿನಲ್ಲಿ ನಡೆಯುವುದು, ಕೊಟ್ಟದ್ದನ್ನು ಉಣ್ಣುವುದು ಅವರಿಗೆ ಬಾಲ್ಯದಿಂದ ರೂಢಿ. ಮೆನನ್ ಕೇರಳದವರು. ಹೊರಡುವ ಮುನ್ನ ಆಶೀರ್ವಾದ ಕೇಳಲು ಹೋದಾಗ ವಿನೋಬಾ ಎರಡು ಷರತ್ತು ಹಾಕಿದರು: ಕೈಯಲ್ಲಿ ದುಡ್ಡು ಇಟ್ಟುಕೊಳ್ಳಬಾರದು, ಸಸ್ಯಾಹಾರ ಬಿಡಬಾರದು. 1962ರ ಜೂನ್ 1ರಂದು ದೆಹಲಿಯ ರಾಜಘಾಟ್‌ನಿಂದ ಹೊರಟು ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ದಾಟಿ, ಅಂದಿನ ಸೋವಿಯತ್ ಒಕ್ಕೂಟದೊಳಗೆ ನಡೆದರು.

ಆ ಯಾತ್ರೆಯ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಜಾರ್ಜಿಯಾದಲ್ಲಿ ಒಂದು ಚಹಾ ಕಾರ್ಖಾನೆಯ ಮುಂದೆ ಇವರ ಉದ್ದೇಶ ತಿಳಿದ ಹೆಂಗಸೊಬ್ಬಳು ಊಟಕ್ಕೆ ಕರೆದು, ಬರುವಾಗ ನಾಲ್ಕು ಪೊಟ್ಟಣ ಚಹಾಪುಡಿ ಕೊಟ್ಟಳು. ನಾಲ್ಕು ದೇಶದ ನಾಯಕರಿಗೆ ಒಂದೊಂದು. ಬಾಂಬಿನ ಗುಂಡಿ ಒತ್ತಬೇಕೆನಿಸಿದರೆ ಒಂದು ನಿಮಿಷ ತಡೆದು ಈ ಚಹಾ ಮಾಡಿ ಕುಡಿಯಲಿ ಎಂಬುದು ಅವಳ ಸಂದೇಶ. ಆ ಪೊಟ್ಟಣಗಳನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಮಾಸ್ಕೋಗೆ ಹೋದರು, ಪ್ಯಾರಿಸ್ಸಿಗೆ ಹೋದರು. ಪ್ಯಾರಿಸ್ಸಿನಲ್ಲಿ ಅಧ್ಯಕ್ಷರ ನಿವಾಸದ ಮುಂದೆ ಪ್ರತಿಭಟಿಸಿದ್ದಕ್ಕೆ ಜೈಲನ್ನೂ ಕಂಡರು. ಬ್ರಿಟನ್ನಿನಲ್ಲಿ ರಸೆಲ್‌ರನ್ನು ಭೇಟಿಯಾಗಿ, ಹಡಗಿನಲ್ಲಿ ಅಮೆರಿಕ ಸೇರಿ, 1964ರ ಜನವರಿಯಲ್ಲಿ ವಾಷಿಂಗ್‌ಟನ್ ತಲುಪಿದರು. ಅಷ್ಟರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಗಾಂಧೀಜಿಯ ಸಮಾಧಿಯಿಂದ ಆರಂಭವಾದ ನಡಿಗೆ ಕೆನಡಿಯ ಸಮಾಧಿಯ ಬಳಿ ಮುಗಿಯಿತು. ಒಟ್ಟು ಸುಮಾರು 8,000 ಮೈಲಿ ಎನ್ನುತ್ತಾರೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್ ಎಂದಿಟ್ಟುಕೊಂಡರೆ, ಆ ದೂರವನ್ನು 640 ಸಲ ನಡೆದಂತೆ!

ಈ ಕತೆ ಕೇಳಿ ಯಾರೂ ಮಕ್ಕಳನ್ನು ಕಾಸಿಲ್ಲದೆ ಕಳಿಸಬೇಕಾಗಿಲ್ಲ. ಇಂದು ಬ್ಯಾಂಕಿನ ಲೆಕ್ಕಪತ್ರ ತೋರಿಸದೆ ಹಲವು ದೇಶಗಳ ವೀಸಾ ಸಿಗುವುದೂ ಇಲ್ಲ. ಆದರೆ ವಿನೋಬಾರ ಮೊದಲ ಷರತ್ತಿನಲ್ಲಿ ಒಂದು ಸೂಕ್ಷ್ಮವಿದೆ. ದುಡ್ಡಿಲ್ಲದವರು ಪ್ರತಿ ಸಂಜೆ ಅಪರಿಚಿತರ ಬಾಗಿಲು ತಟ್ಟಲೇಬೇಕು, ಮಾತಾಡಲೇಬೇಕು. ಇದು ಎಲ್ಲರೂ ಹೇಳುವ ಲಾಭ. ಇನ್ನೊಂದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಇಬ್ಬರ ಜೇಬೂ ಖಾಲಿ ಇದ್ದುದರಿಂದ ಜೊತೆ ಪ್ರವಾಸದ ಅತಿ ದೊಡ್ಡ ಜಗಳದ ಬೇರು ಅಲ್ಲಿ ಇರಲೇ ಇಲ್ಲ.

ಹಸಿವಿಲ್ಲ ಎನ್ನುವ ಗೆಳೆಯ

ಆ ಬೇರು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಉದಾಹರಣೆಯ ಲೆಕ್ಕ ಮಾಡೋಣ. ಶಿವಮೊಗ್ಗದ ಒಬ್ಬ ಹುಡುಗ, ತಂದೆ ಒಳ್ಳೆಯ ಹುದ್ದೆಯಲ್ಲಿದ್ದಾರೆ. ಭದ್ರಾವತಿಯ ಇನ್ನೊಬ್ಬ, ತಂದೆ ಸಣ್ಣ ಅಂಗಡಿ ಇಟ್ಟಿದ್ದಾರೆ. ಇಬ್ಬರೂ ಎಂಜಿನಿಯರಿಂಗ್ ಸಹಪಾಠಿಗಳು, ಜೀವದ ಗೆಳೆಯರು. ಇಬ್ಬರೂ ಸಮಸಮ ಹಣ ಹೊಂದಿಸಿಕೊಂಡು ಹದಿನೈದು ದಿನದ ಪ್ರವಾಸಕ್ಕೆ ಹೊರಟರು ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ ಸಮಸ್ಯೆಯೇ ಇಲ್ಲ. ಆದರೆ ಮೊದಲನೆಯವನ ಹಣ ಮುಗಿದರೆ ಮನೆಗೊಂದು ಫೋನ್ ಮಾಡಿದರಾಯಿತು, ಅರ್ಧ ಗಂಟೆಯಲ್ಲಿ ಖಾತೆಗೆ ಬೀಳುತ್ತದೆ. ಎರಡನೆಯವನ ಹಣ ಮುಗಿದರೆ ಮುಗಿಯಿತು.

ನಾಲ್ಕನೆಯ ದಿನ ಮೊದಲನೆಯವನು, 'ನಡೆದು ಸಾಕಾಯ್ತು ಕಣೋ, ಟ್ಯಾಕ್ಸಿ ಹಿಡಿಯೋಣ' ಎನ್ನುತ್ತಾನೆ. ಎರಡನೆಯವನು ಮನಸ್ಸಿನಲ್ಲೇ ಲೆಕ್ಕ ಹಾಕಿ, 'ನಡೆದರೇ ಊರು ಚೆನ್ನಾಗಿ ಕಾಣೋದು' ಎನ್ನುತ್ತಾನೆ. ಆರನೆಯ ದಿನ ಒಳ್ಳೆಯ ಹೋಟೆಲಿನ ಮುಂದೆ ನಿಂತಾಗ, 'ನನಗೆ ಹಸಿವಿಲ್ಲ, ನೀನು ತಿಂದು ಬಾ' ಎನ್ನುತ್ತಾನೆ. ಎಂಟನೆಯ ದಿನ ಮೊದಲನೆಯವನು ಒಳ್ಳೆಯ ಮನಸ್ಸಿನಿಂದಲೇ, 'ನಾನು ಕೊಡ್ತೀನಿ ಬಾರೋ' ಎನ್ನುತ್ತಾನೆ. ಅನರ್ಥ ಆರಂಭವಾಗುವುದು ಅಲ್ಲಿ. ಕೊಟ್ಟವನು ಮರೆತರೂ ಪಡೆದವನು ಮರೆಯುವುದಿಲ್ಲ. ಊರಿಗೆ ಬಂದ ಮೇಲೆ ಇಬ್ಬರೂ ಸಿಕ್ಕರೆ ಮಾತಾಡುತ್ತಾರೆ, ಆದರೆ ಹಿಂದಿನಂತಲ್ಲ. ಏನಾಯಿತೆಂದು ಮನೆಯವರು ಕೇಳಿದರೆ ಇಬ್ಬರ ಬಳಿಯೂ ಹೇಳಲು ಏನೂ ಇರುವುದಿಲ್ಲ.

ಇದಕ್ಕೆ ಅನುಭವಿ ಪ್ರವಾಸಿಗಳು ಕಂಡುಕೊಂಡ ಉಪಾಯ ಸರಳವಾದದ್ದು. ಇಬ್ಬರೂ ಸಮಪಾಲು ಹಾಕಿ ಒಂದು ಜಂಟಿ ಪರ್ಸು ಮಾಡುವುದು. ಕೋಣೆ, ಬಸ್ಸು, ರೈಲು, ಒಟ್ಟಿಗೆ ಮಾಡುವ ಊಟ ಇಷ್ಟಕ್ಕೆ ಮಾತ್ರ ಅದರಿಂದ ಖರ್ಚು. ಇಬ್ಬರಲ್ಲಿ ಯಾರ ಕೈ ಬಿಗಿಯೋ ಅವರ ಅಳತೆಗೆ ದಿನದ ಮಿತಿಯನ್ನು ಇಲ್ಲೇ, ಊರಿನಲ್ಲೇ, ಗೊತ್ತುಮಾಡಬೇಕು. ಆ ಮಿತಿ ಮೀರುವ ಆಸೆ ಯಾರಿಗಿದೆಯೋ ಅವರು ಸ್ವಂತ ದುಡ್ಡಿನಿಂದ, ಒಬ್ಬರೇ ಹೋಗಿ ತೀರಿಸಿಕೊಳ್ಳಲಿ. ಮಲಗುವ ಮುನ್ನ ಲೆಕ್ಕ ಬರೆಯಬೇಕು. ಗೆಳೆಯರ ನಡುವೆ ಲೆಕ್ಕವೇನು ಎಂಬ ದೊಡ್ಡ ಮಾತನ್ನು ಹೊರಡುವ ದಿನವೇ ಬಿಟ್ಟುಬಿಡುವುದು ಕ್ಷೇಮ. ಈ ಮಾತುಕತೆ ಎರಡೂ ಮನೆಯ ಹಿರಿಯರ ಎದುರಿಗೇ ಆದರೆ ಇನ್ನೂ ಒಳಿತು. ಹುಡುಗರು ಒಬ್ಬರಿಗೊಬ್ಬರು ಹೇಳಲಾರದ್ದನ್ನು ಹಿರಿಯರು ಹೇಳಬಲ್ಲರು.

ದುಡ್ಡಿನ ನಂತರದ ಜಗಳ ನಿದ್ದೆಯದ್ದು. ಒಬ್ಬರಿಗೆ ಆರು ಗಂಟೆಗೆ ಬೆಳಗಾದರೆ ಇನ್ನೊಬ್ಬರಿಗೆ ಹತ್ತಕ್ಕೆ. ಒಬ್ಬರಿಗೆ ಮ್ಯೂಸಿಯಂನ ಪ್ರತಿ ಫಲಕವನ್ನೂ ಓದಬೇಕು, ಇನ್ನೊಬ್ಬರಿಗೆ ಬಾಗಿಲಲ್ಲಿ ಫೋಟೋ ತೆಗೆದರೆ ಸಾಕು. ಇದರಲ್ಲಿ ಸರಿ ತಪ್ಪು ಎಂಬುದಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ದಿನ ಬೇರೆ ಬೇರೆ ತಿರುಗಿ, ಇಂತಿಷ್ಟು ಗಂಟೆಗೆ ಇಂಥ ಕಡೆ ಸೇರುವುದು ಎಂದು ಮೊದಲೇ ಮಾತಾಗಿದ್ದರೆ ಅದು ಮುನಿಸಿನಂತೆ ಕಾಣುವುದಿಲ್ಲ. ಸಂಜೆ ಸೇರಿದಾಗ ಹೇಳಿಕೊಳ್ಳಲು ಹೊಸ ಸುದ್ದಿಯೂ ಇರುತ್ತದೆ.

ಪವಿತ್ರ ಕಣಿವೆಯ ದಾರಿ

ಇಷ್ಟೆಲ್ಲ ತಾಪತ್ರಯವಿದ್ದರೆ ಜೊತೆ ಏಕೆ ಬೇಕು, ಒಬ್ಬರೇ ಹೋಗಬಹುದಲ್ಲ ಎನ್ನಬಹುದು. ಇದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ಉತ್ತರವಿದೆ. 1959ರಲ್ಲಿ ಚಿತ್ರದುರ್ಗದಲ್ಲಿ ಹುಟ್ಟಿದ ನೇಮಿಚಂದ್ರ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಕತೆಗಾರ್ತಿ. ಮೇರಿ ಕ್ಯೂರಿಯ ಬದುಕನ್ನು ಕನ್ನಡದ ಮಕ್ಕಳಿಗೆ ಪರಿಚಯಿಸಿದವರು ಎಂಬ ಕಾರಣಕ್ಕೆ ವಿಜ್ಞಾನದ ವಿದ್ಯಾರ್ಥಿಗಳಿಗೂ ಅವರ ಹೆಸರು ಗೊತ್ತಿರಬೇಕು. ಅವರು ಟೂರ್ ಕಂಪನಿಯ ಹಂಗಿಲ್ಲದೆ ಗೆಳತಿಯೊಬ್ಬರ ಜೊತೆ ದಕ್ಷಿಣ ಅಮೆರಿಕದ ಪೆರುವಿಗೆ ಹೋಗಿ ಬಂದು ಬರೆದ ಪುಸ್ತಕ 'ಪೆರುವಿನ ಪವಿತ್ರ ಕಣಿವೆಯಲ್ಲಿ'. ಅದಕ್ಕೂ ಮುನ್ನ ಯುರೋಪಿನ ತಿರುಗಾಟದ 'ಒಂದು ಕನಸಿನ ಪಯಣ'ವನ್ನೂ ಬರೆದಿದ್ದರು. ಇಬ್ಬರು ಹೆಂಗಸರು, ಅದೂ ಭೂಗೋಳದ ಆ ಬದಿಗೆ, ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡು ಹೋದರು ಎಂಬುದೇ ಆ ಪುಸ್ತಕವನ್ನು ಅನೇಕ ಹೆಣ್ಣುಮಕ್ಕಳು ಮತ್ತೆ ಮತ್ತೆ ಓದುವಂತೆ ಮಾಡಿತು. ಮಗಳು ಇಂಥ ಪ್ರವಾಸ ಕೇಳಿದಾಗ 'ನಮ್ಮ ಕಡೆಯವರು ಯಾರೂ ಹೀಗೆ ಹೋದದ್ದಿಲ್ಲ' ಎನ್ನುವ ತಂದೆ ತಾಯಿ, ಉತ್ತರ ಹೇಳುವ ಮೊದಲು ಇದನ್ನು ಲೈಬ್ರರಿಯಿಂದ ತಂದು ಓದುವುದು ಒಳ್ಳೆಯದು.

ಪೆರುವಿನ ಆ ಕಣಿವೆ ಎಂಥದು? ಇಂಕಾ ಜನರ ರಾಜಧಾನಿಯಾಗಿದ್ದ ಕುಸ್ಕೊ ನಗರ, ಅದರಾಚೆ ಉರುಬಂಬಾ ನದಿಯ ಪವಿತ್ರ ಕಣಿವೆ, ಕೊನೆಗೆ ಬೆಟ್ಟದ ನೆತ್ತಿಯಲ್ಲಿ ಮಚುಪಿಚು. 1911ರಲ್ಲಿ ಅಮೆರಿಕದ ಹಿರಮ್ ಬಿಂಗಮ್ ಅದನ್ನು ಹೊರಜಗತ್ತಿಗೆ ಪರಿಚಯಿಸಿದ. ಸುತ್ತಲಿನ ರೈತರಿಗೆ ಅದು ಮೊದಲೇ ಗೊತ್ತಿತ್ತೆನ್ನಿ. ಅಲ್ಲಿನ ಶ್ರೇಷ್ಠ ಗೋಡೆಗಳಲ್ಲಿ ಗಾರೆಯಿಲ್ಲ. ಕಲ್ಲಿಗೆ ಕಲ್ಲನ್ನು ಉಜ್ಜಿ, ಕೆತ್ತಿ, ಸಂದಿಯಿಲ್ಲದಂತೆ ಕೂರಿಸಿದ್ದಾರೆ. ಇಂಕಾಗಳಿಗೆ ಕಂಚು ಗೊತ್ತಿತ್ತು, ಕಬ್ಬಿಣ ಗೊತ್ತಿರಲಿಲ್ಲ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸುವುದನ್ನು ನೋಡುತ್ತ ಬೆಳೆದ ತಲೆಮಾರುಗಳಿವೆ. ಅಂಥ ಊರಿನ ಮಗುವೊಂದು ಕಬ್ಬಿಣದ ಒಂದು ಉಳಿಯೂ ಇಲ್ಲದೆ ಕಟ್ಟಿದ ಆ ಗೋಡೆಯ ಮುಂದೆ ನಿಂತರೆ ಅದಕ್ಕೆ ಆಗುವ ಬೆರಗು ಬೇರೆ ಊರಿನವರಿಗಿಂತ ಒಂದು ತೂಕ ಹೆಚ್ಚೇ ಇರಬೇಕು.

ಆ ಹೊತ್ತಿಗೆ, 'ಅಯ್ಯೋ, ಇಲ್ಲಿ ನೋಡೇ' ಎಂದು ಕನ್ನಡದಲ್ಲಿ ಕೂಗಲು ಪಕ್ಕದಲ್ಲಿ ಒಬ್ಬರು ಬೇಕು. ಜೊತೆ ಪ್ರವಾಸದ ಅತಿ ದೊಡ್ಡ ಸುಖ ಇದೇ. ಫೋಟೋವನ್ನು ಯಾರಿಗೆ ಬೇಕಾದರೂ ತೋರಿಸಬಹುದು. ಆದರೆ ಆ ದಿನದ ಚಳಿ, ತಪ್ಪಿದ ಬಸ್ಸು, ಆ ಗೋಡೆಯ ಮೇಲಿನ ಬಿಸಿಲು, ಇವೆಲ್ಲ ನೆನಪಿರುವ ಇನ್ನೊಂದು ತಲೆ ಈ ಲೋಕದಲ್ಲಿ ಅವರೊಬ್ಬರದೇ. ಇಪ್ಪತ್ತು ವರ್ಷದ ನಂತರ ಮದುವೆ ಮನೆಯೊಂದರಲ್ಲಿ ಸಿಕ್ಕಾಗ ಒಂದೇ ಪದ ಹೇಳಿದರೆ ಸಾಕು, ಇಬ್ಬರೂ ನಗುತ್ತಾರೆ, ಉಳಿದವರು ಮುಖ ಮುಖ ನೋಡುತ್ತಾರೆ.

ದೇಹ ಹೇಳುವ ಮಾತು

ಇನ್ನು ದೇಹದ ಮಾತು. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಕುಸ್ಕೊ ಸುಮಾರು 3,400 ಮೀಟರ್. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಇಲ್ಲಿಯಷ್ಟೇ, ಶೇಕಡಾ 21. ಆದರೆ ವಾಯುಭಾರ ಸಮುದ್ರ ಮಟ್ಟದ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. ಆದ್ದರಿಂದ ಪ್ರತಿ ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಕಡಿಮೆ. ಸಮುದ್ರ ತೀರದ ಲಿಮಾದಿಂದ ವಿಮಾನ ಹತ್ತಿ ಒಂದೂವರೆ ಗಂಟೆಯೊಳಗೆ ಅಲ್ಲಿ ಇಳಿದವರಿಗೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ಮಚುಪಿಚು 2,430 ಮೀಟರ್ ಮಾತ್ರ. ಪವಿತ್ರ ಕಣಿವೆಯೂ ಕುಸ್ಕೊಗಿಂತ ತಗ್ಗು. ಹೀಗಾಗಿ ತಿಳಿದವರು ಮೊದಲು ಕಣಿವೆಗೆ ಇಳಿದು, ದೇಹ ಹೊಂದಿಕೊಂಡ ಮೇಲೆ ಕುಸ್ಕೊಗೆ ಬರುತ್ತಾರೆ.

ಇದರಲ್ಲಿ ವಿಚಿತ್ರವೆಂದರೆ, ಎತ್ತರದ ಈ ಕಾಯಿಲೆ ಯಾರಿಗೆ ಬರುತ್ತದೆಂದು ಮೊದಲೇ ಹೇಳಲಾಗದು. ಕಬಡ್ಡಿ ಆಡುವ ಗಟ್ಟಿಗ ಮಲಗಿಬಿಡಬಹುದು, ಸಣಕಲು ಹುಡುಗ ಓಡಾಡಿಕೊಂಡಿರಬಹುದು. ನೇಪಾಳದ ಎತ್ತರದ ಚಾರಣಗಳಿಗೆ ಹೋಗುವವರಿಗೂ ಇದೇ ಮಾತು. ತಲೆನೋವು ಜೋರಾಗಿ, ನಡಿಗೆ ತಡವರಿಸಿದರೆ ಅಥವಾ ಕುಳಿತಲ್ಲೇ ಏದುಸಿರು ಬಂದರೆ ಮೇಲಕ್ಕೆ ಹೋಗಬಾರದು, ತಡಮಾಡದೆ ಕೆಳಗಿಳಿಯಬೇಕು. ಇಬ್ಬರಲ್ಲಿ ಒಬ್ಬರಿಗೆ ಹೀಗಾದರೆ ಇನ್ನೊಬ್ಬರೂ ಇಳಿಯಬೇಕು.

ಕೇಳಲು ಸುಲಭ. ಮಚುಪಿಚುವಿಗೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಟಿಕೆಟಿನ ಮೇಲೆ ದಿನ, ಹೊತ್ತು ಮುದ್ರಿತವಾಗಿರುತ್ತದೆ. ನಾಳೆ ಬೆಳಗಿನ ಟಿಕೆಟ್ ಕೈಯಲ್ಲಿದೆ, ಎರಡು ವರ್ಷ ದುಡ್ಡು ಕೂಡಿಸಿ ಬಂದದ್ದು ಇದಕ್ಕಾಗಿಯೇ, ಗೆಳತಿ ಜ್ವರದಿಂದ ಮಲಗಿದ್ದಾಳೆ. ಹೋಗುವುದೋ, ಕೂರುವುದೋ? ಹೊರಡುವ ಮೊದಲು ತಂದೆ ತಾಯಿ ಇಬ್ಬರನ್ನೂ ಕೂರಿಸಿಕೊಂಡು ಈ ಒಂದು ಪ್ರಶ್ನೆ ಕೇಳಲಿ. ಒಬ್ಬಳು 'ನೀನು ಹೋಗಿ ಬಾ ಅಂತ ನಾನೇ ಹೇಳ್ತೀನಿ' ಎಂದು, ಇನ್ನೊಬ್ಬಳು 'ನಾನು ಹೋಗೋದೇ ಇಲ್ಲ' ಎಂದು ಜಗಳಕ್ಕೆ ನಿಂತರೆ ಧೈರ್ಯವಾಗಿ ಟಿಕೆಟ್ ತೆಗೆಯಬಹುದು. ಇಬ್ಬರೂ ಸುಮ್ಮನೆ ನೆಲ ನೋಡಿದರೆ ಸ್ವಲ್ಪ ಯೋಚಿಸಬೇಕು. (ಸಾಮಾನ್ಯ ಜ್ವರವಾದರೆ, ಹಾಸ್ಟೆಲಿನವರಿಗೆ ಹೇಳಿ ಅರ್ಧ ದಿನ ಹೋಗಿಬರುವುದರಲ್ಲಿ ತಪ್ಪೇನಿಲ್ಲ. ಆದರೆ ಆ ತೀರ್ಮಾನ ಮಲಗಿದವಳದಾಗಿರಬೇಕು.)

ದೇಹದ ಗಡಿಯಾರದ್ದು ಇನ್ನೊಂದು ರಗಳೆ. ಭದ್ರಾವತಿಯಲ್ಲಿ ರಾತ್ರಿ ಎಂಟಾದಾಗ ಲಿಮಾದಲ್ಲಿ ಅದೇ ದಿನದ ಬೆಳಗಿನ ಒಂಬತ್ತೂವರೆ. ಒಂದೊಂದು ಗಂಟೆಯ ವ್ಯತ್ಯಾಸಕ್ಕೆ ದೇಹ ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ ಎಂಬುದು ಸ್ಥೂಲ ಲೆಕ್ಕ. ಪಶ್ಚಿಮಕ್ಕೆ ಹೋಗುವಾಗ ಹೊಂದಿಕೊಳ್ಳುವುದು ಸುಲಭ, ಪೂರ್ವಕ್ಕೆ ಬರುವಾಗ ಕಷ್ಟ. ಏಕೆಂದರೆ ನಮ್ಮ ಒಳಗಡಿಯಾರದ ದಿನ 24 ಗಂಟೆಗಿಂತ ಸ್ವಲ್ಪ ಉದ್ದ. ದಿನವನ್ನು ಹಿಗ್ಗಿಸುವುದು ಅದಕ್ಕೆ ಸಲೀಸು, ಕುಗ್ಗಿಸುವುದಲ್ಲ. ಮೊದಲ ಎರಡು ಮೂರು ದಿನ ಗೆಳೆಯ ಸಿಡುಕಿದರೆ ಅದು ಅವನಲ್ಲ, ಅವನ ನಿದ್ದೆ ಎಂದು ತಿಳಿಯಬೇಕು. ಮನೆಯವರೂ ಫೋನಿನ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡರೆ ನಡುರಾತ್ರಿ ಎಬ್ಬಿಸಿ 'ಊಟ ಆಯ್ತಾ?' ಎಂದು ಕೇಳುವುದು ತಪ್ಪುತ್ತದೆ.

ಮೇಷ್ಟರು ಹುಟ್ಟುಹಾಕಿದ ಹಾಸ್ಟೆಲ್

ಹಾಸ್ಟೆಲ್ ಎಂದರೆ ನಮ್ಮಲ್ಲಿ ಕಾಲೇಜು ಮಕ್ಕಳ ಊಟ ವಸತಿಯ ಜಾಗ. ಪ್ರವಾಸಿಗಳ ಹಾಸ್ಟೆಲ್ ಬೇರೆ. ಒಂದು ಕೋಣೆಯಲ್ಲಿ ಆರೋ ಎಂಟೋ ಮಂಚ, ಒಂದರ ಮೇಲೊಂದು. ಬೀಗ ಹಾಕುವ ಕಪಾಟು, ಎಲ್ಲರಿಗೂ ಸೇರಿದ ಅಡುಗೆಮನೆ. ಈ ಏರ್ಪಾಟಿನ ಹಿಂದೆ ಇದ್ದವರು ಒಬ್ಬ ಶಾಲಾ ಮೇಷ್ಟರು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಜರ್ಮನಿಯ ರಿಚರ್ಡ್ ಶಿರ್‌ಮನ್ 1909ರ ಆಗಸ್ಟಿನಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದೊಯ್ದಾಗ ಗುಡುಗು ಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲಿನ ಮೇಲೆ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನು ನಡೆದಾಡುವ ಮಕ್ಕಳಿಗೆ ಏಕೆ ಬಿಡಬಾರದು ಎಂದು ಅವರಿಗೆ ಹೊಳೆದದ್ದು ಆ ರಾತ್ರಿ. ಮುಂದೆ ಅವರು ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಯೂತ್ ಹಾಸ್ಟೆಲ್ ಆರಂಭಿಸಿದರು. ಇಂದು ಲೋಕದ ಮೂಲೆಮೂಲೆಯಲ್ಲಿ ಇಂಥ ಹಾಸ್ಟೆಲ್‌ಗಳಿವೆ. ಹೆಣ್ಣುಮಕ್ಕಳಿಗೆ ಬಹಳ ಕಡೆ ಪ್ರತ್ಯೇಕ ಕೋಣೆಯಿರುತ್ತದೆ. ಮುಂಗಡ ಕಾದಿರಿಸುವಾಗ ಅದನ್ನೇ ಕೇಳಿ ಪಡೆಯಬೇಕು. ಹೊಸ ಊರಿಗೆ ಹಗಲಿನಲ್ಲೇ ತಲುಪುವಂತೆ ಬಸ್ಸು, ವಿಮಾನ ನೋಡಿಕೊಳ್ಳುವುದು ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಅನ್ವಯಿಸುವ ನಿಯಮ.

ಭಾಷೆಯ ಅಳುಕು ನಮ್ಮವರಿಗೆ ಅನಾವಶ್ಯಕ. ಭದ್ರಾವತಿಯ ಕಾರ್ಖಾನೆ ಕಾಲೊನಿಗಳಲ್ಲಿ ಬೆಳೆದ ಮಕ್ಕಳು ಒಂದು ಬೀದಿ ದಾಟುವಷ್ಟರಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕೇಳಿಸಿಕೊಂಡವರು. ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ವ್ಯವಹಾರ ಮುಗಿಸುವ ಕಲೆ ಅವರಿಗೆ ಯಾರೂ ಕಲಿಸಬೇಕಿಲ್ಲ.

ಕಾಗದಪತ್ರ

ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಓಡುವ ಕಾಲ ಹೋಯಿತು. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಅದರ ಸೇವಾ ಕೇಂದ್ರವಿದೆ. ಹೋಗುವ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಅದರಲ್ಲಿ ಉಳಿದಿರಬೇಕೆಂದು ಬಹಳಷ್ಟು ದೇಶಗಳು ಕೇಳುತ್ತವೆ. ನೇಪಾಳಕ್ಕೆ ಭಾರತೀಯರು ಮತದಾರರ ಗುರುತಿನ ಚೀಟಿಯಲ್ಲೇ ಹೋಗಬಹುದು. ಯುರೋಪಿನ 29 ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ಅದಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೇರೆ ದೇಶಗಳು ಕೇಳಲಿ ಬಿಡಲಿ, ವಿಮೆ ಇಲ್ಲದೆ ಹೊರಡಲೇಬಾರದು. ಹೊರದೇಶದ ಆಸ್ಪತ್ರೆಯ ಎರಡು ದಿನದ ಬಿಲ್ಲು ಇಲ್ಲಿಯ ಒಂದು ಮನೆಯ ವರ್ಷದ ಉಳಿತಾಯವನ್ನು ನುಂಗಬಲ್ಲದು. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಹಿಂದಿನ ವರ್ಷ ಹೋಗಿಬಂದ ಅಣ್ಣನ ಮಾತಿಗಿಂತ ಆಯಾ ದೇಶದ ರಾಯಭಾರ ಕಚೇರಿಯ ಮಾಹಿತಿ ನೋಡುವುದು ಲೇಸು.

ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಯನ್ನು ಅದಲು ಬದಲು ಮಾಡಿಕೊಳ್ಳಬೇಕು: ಇವನದು ಅವನ ಚೀಲದಲ್ಲಿ, ಅವನದು ಇವನ ಚೀಲದಲ್ಲಿ, ಇನ್ನೊಂದು ಮನೆಯಲ್ಲಿ. ಪಾಸ್‌ಪೋರ್ಟ್ ಕಳೆದರೆ ಅಲ್ಲಿಯ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿಯೊಡನೆ ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ಊರಿಗೆ ಮರಳಲಷ್ಟೇ ಸಾಲುವ ತುರ್ತು ಪತ್ರ ಅಲ್ಲಿ ಸಿಗುತ್ತದೆ. ಎರಡೂ ಮನೆಯ ಫೋನ್ ನಂಬರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಹಳೆಯ ಕಾಲದ ಮಾತೆನಿಸಬಹುದು. ಮೊಬೈಲೇ ಕಳವಾದಾಗ ತಾಯಿಯ ನಂಬರು ಎಷ್ಟು ಜನಕ್ಕೆ ಬಾಯಿಪಾಠ ಬರುತ್ತದೆ? ಅಂತೆಯೇ, ಜಗಳವಾಡಿ ಬೇರೆಯಾಗುವ ಸ್ಥಿತಿ ಬಂದರೂ ಎರಡೂ ಮನೆಗೆ ತಿಳಿಸದೆ ಬೇರೆಯಾಗಬಾರದೆಂಬ ಕರಾರು ಮೊದಲೇ ಆಗಿರಲಿ.

ಭದ್ರಾವತಿಯಿಂದ ಶಿವಮೊಗ್ಗಕ್ಕೆ

ಪ್ರಯೋಗಶಾಲೆಯಲ್ಲಿ ನೋಡದ ಹೊರತು ಯಾವ ಲವಣ ಯಾವ ಆಮ್ಲದೊಡನೆ ಹೇಗೆ ವರ್ತಿಸುತ್ತದೆಂದು ಹೇಳಲಾಗದು. ಗೆಳೆತನಕ್ಕೂ ಒಂದು ಪ್ರಯೋಗ ಬೇಕು. ಅದಕ್ಕೆ ವಿದೇಶವೇ ಆಗಬೇಕೆಂದಿಲ್ಲ. ವಿದೇಶಕ್ಕೆ ಒಯ್ಯುವ ಚೀಲವನ್ನೇ ತುಂಬಿ ತೂಗಿ ನೋಡಿ. ಎಂಟು ಕಿಲೋಗಿಂತ ಹೆಚ್ಚಿದ್ದರೆ ಒಂದೊಂದನ್ನೇ ತೆಗೆಯಿರಿ. ಚೀಲದ ಸೊಂಟಪಟ್ಟಿ ಬಿಗಿದಾಗ ಭಾರ ಭುಜದ ಮೇಲಲ್ಲ, ಸೊಂಟದ ಮೇಲೆ ಕೂರಬೇಕು. ಭದ್ರಾವತಿಯ ಭದ್ರಾ ಸೇತುವೆಯಿಂದ ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹೊರಡಿ. ಬಿ.ಎಚ್. ರಸ್ತೆಯಲ್ಲಿ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲೇ ನಡೆಯಿರಿ. ಮಾಚೇನಹಳ್ಳಿ, ಮಲವಗೊಪ್ಪ ದಾಟಿ ಶಿವಮೊಗ್ಗ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಐದಾರು ಗಂಟೆ ಹಿಡಿಯುತ್ತದೆ. ಹತ್ತನೆಯ ಕಿಲೋಮೀಟರಿನ ನಂತರ ಯಾರು ಮುಂದೆ ಮುಂದೆ ಓಡುತ್ತಾರೆ, ಯಾರು ಹಿಂದಿರುಗಿ ನೋಡುತ್ತಾರೆ, ಕಾಲಿನ ಬೊಬ್ಬೆಯನ್ನು ಯಾರು ಮುಚ್ಚಿಡುತ್ತಾರೆ, ನೀರಿನ ಬಾಟಲಿ ಖಾಲಿಯಾದಾಗ ಯಾರ ದನಿ ಏರುತ್ತದೆ, ಎಲ್ಲವೂ ಹೊರಬೀಳುತ್ತದೆ.

ಅದರಲ್ಲಿ ಪಾಸಾದವರು ಎರಡು ದಿನ ಕೊಡಚಾದ್ರಿಗೆ ಹೋಗಿ ಬರಲಿ. 1,343 ಮೀಟರ್ ಎತ್ತರದ ಆ ಬೆಟ್ಟ ಅಷ್ಟೇನೂ ಕಠಿಣವಲ್ಲ, ಆದರೆ ರಾತ್ರಿ ತಂಗುವುದು, ಅಡುಗೆ, ಚಳಿ ಎಲ್ಲ ಅಲ್ಲಿ ಒಟ್ಟಿಗೆ ಸಿಗುತ್ತದೆ. ಇಬ್ಬರೇ ಹೋಗಲು ಮನೆಯಲ್ಲಿ ಹಿಂಜರಿದರೆ, ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಶಿವಮೊಗ್ಗದ ತರುಣೋದಯ ಘಟಕದವರು ಚಾರಣಗಳನ್ನು ಏರ್ಪಡಿಸುತ್ತಾರೆ, ಅವರ ಜೊತೆ ಸೇರಬಹುದು. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಹೋಗುವವರು ಉದ್ದನೆಯ ಕಾಲುಚೀಲ, ಜಿಗಣೆಗೆ ಉಪ್ಪು ಅಥವಾ ಸುಣ್ಣ, ಒಂದೊಂದು ಜೊತೆ ಒಣ ಬಟ್ಟೆ ಹೆಚ್ಚಿಗೆ ಇಟ್ಟುಕೊಂಡಿರಲಿ. ಎರಡು ದಿನದ ಖರ್ಚನ್ನು ಜಂಟಿ ಪರ್ಸಿನಿಂದಲೇ ಮಾಡಿ, ಇಳಿದು ಬಂದ ಸಂಜೆ ಲೆಕ್ಕದ ಪುಸ್ತಕವನ್ನು ಎರಡೂ ಮನೆಯವರಿಗೆ ತೋರಿಸಲಿ.